ಮೇಲಿನ ನಾಲ್ಕು ಸಾಲು

ಎಲ್ಲಕ್ಕೂ ಕಾರಣ ಒಂದು ಕಾಗದದ ಟೋಪಿ. ಉಗುರಿಗಿಂತ ಸ್ವಲ್ಪ ದೊಡ್ಡದು. ಹೆಣಿಗೆಯ ಕುಣಿಕೆಗಳು ಜಾರಬಾರದೆಂದು ಸೂಜಿಯ ತುದಿಗೆ ಸಿಕ್ಕಿಸಿದ್ದ ಟೋಪಿ. ಅದನ್ನು ಬೈಂಡರ್ ತೆಗೆದ. ತೆಗೆಯಬಾರದಿತ್ತು.

ಬೈಂಡರ್ ಎಂದರೆ ಪುಸ್ತಕ ಹೊಲಿದು ರಟ್ಟು ಹಾಕುವವನು. ಪ್ರೆಸ್ಸಿನಲ್ಲಿ ಉಳಿದ ಕಾಗದದ ಚೂರುಗಳನ್ನು ಅವನು ದಿನಾ ಮನೆಗೆ ತರುತ್ತಿದ್ದ, ಹೆಂಡತಿ ಅದರಲ್ಲಿ ಗುಂಡಿ ಹಾಕಿಡುವ ಡಬ್ಬಿ, ಸಾಲು ಎಣಿಸುವ ಉಂಗುರ, ಸೂಜಿಗೆ ಟೋಪಿ ಎಂದು ಏನಾದರೂ ಮಡಚುತ್ತಿದ್ದಳು. ಒಂದು ಕೆಲಸ ಹಿಡಿದು ಮುಗಿಸುವ ಪೈಕಿ ಅಲ್ಲ ಅವಳು. ಹೆಣೆದು ಬೆರಳು ನೊಂದರೆ ತಕಲಿ ತಿರುಗಿಸಿ ಉಣ್ಣೆಯ ನೂಲು ತೆಗೆಯುತ್ತಿದ್ದಳು. ಭುಜ ಸೋತರೆ ಕಾಗದ. ಕಾಗದ ಬೇಸರವಾದರೆ ಮತ್ತೆ ಸೂಜಿ. ಮೂರನ್ನೂ ಒಂದೇ ಬೆತ್ತದ ಬುಟ್ಟಿಯಲ್ಲಿ ಇಟ್ಟುಕೊಂಡು ಊಟದ ಮೇಜು, ಹಾಸಿಗೆ, ಕೊನೆಗೆ ಆಸ್ಪತ್ರೆಯ ವಾರ್ಡು ಎಂದು ಹೊತ್ತುಕೊಂಡು ತಿರುಗಿದಳು. ಬುಟ್ಟಿ ವಾಪಸ್ಸು ಬಂತು. ಅವಳು ಬರಲಿಲ್ಲ.

ಬುಟ್ಟಿಯಲ್ಲಿ ಇದ್ದದ್ದು ಅವನಿಗೆಂದು ಹೆಣೆಯುತ್ತಿದ್ದ ಬೂದು ಮಫ್ಲರ್, ಮುಕ್ಕಾಲು ಪಾಲು ಆದದ್ದು, ಸೂಜಿಯ ಮೇಲೆಯೇ. ನೂಲು ಅಲ್ಲಿಗೆ ಮುಗಿದಿತ್ತು. ಪಕ್ಕದಲ್ಲಿ ತಕಲಿ, ಇನ್ನೂ ನೂಲಾಗದ ಒಂದು ಹಿಡಿ ಉಣ್ಣೆ, ಒಂದಷ್ಟು ಕಾಗದದ ಉಂಗುರ. ವರ್ಷದಿಂದ ಬೈಂಡರ್ ಅದನ್ನು ಕಪಾಟಿನ ಮೇಲೆ ಇಟ್ಟಿದ್ದ. ಯಾರನ್ನೂ ಮುಟ್ಟಗೊಡುತ್ತಿರಲಿಲ್ಲ, ತಾನೂ ಮುಟ್ಟುತ್ತಿರಲಿಲ್ಲ. ಅವಳ ಕೈ ಕೊನೆಯದಾಗಿ ಮಾಡಿದ ಕೆಲಸ ಆ ಸೂಜಿಯ ಮೇಲಿನ ಕುಣಿಕೆಗಳು ಎಂಬುದು ಅವನ ಲೆಕ್ಕ. ಮಿಕ್ಕ ಸೀರೆ, ಚಪ್ಪಲಿ, ಕನ್ನಡಕ ಎಲ್ಲವನ್ನೂ ಕೇಳಿದವರಿಗೆ ಕೊಟ್ಟು ಕೈತೊಳೆದುಕೊಂಡಿದ್ದ.

ಟೋಪಿ ತೆಗೆದ ಹಿಂದಿನ ದಿನ ನಾದಿನಿಯ ಫೋನು ಬಂದಿತ್ತು. ಅಕ್ಕನ ಜೊತೆ ಹಗಲೆಲ್ಲ ಆಸ್ಪತ್ರೆಯಲ್ಲಿ ಕೂತಿದ್ದವಳು ಅವಳೇ.

"ಭಾವ, ನಾಳೆ ಸಂಜೆ ಬರ್ತೀನಿ. ಆ ಮಫ್ಲರ್ ನೋಡಬೇಕು."

"ಚೆನ್ನಾಗಿದೆ."

"ಯಾವಾಗ ತೆಗೆದು ನೋಡಿದ್ರಿ?"

ಬೈಂಡರ್ ಕಪಾಟಿನ ಕಡೆ ನೋಡಿದ.

"ಗೊತ್ತಿತ್ತು. ನುಸಿಗೆ ಊಟ ಹಾಕಿ ಕೂತಿರ್ತೀರಿ. ಅಕ್ಕ ಬಿಟ್ಟ ಹಾಗೇ ಇದ್ರೆ ನಿಮ್ಮ ಹತ್ರಾನೇ ಇರಲಿ. ಒಂದು ತೂತು ಕಂಡರೂ ಬುಟ್ಟಿ ಎತ್ಕೊಂಡು ಹೋಗ್ತೀನಿ. ಆಮೇಲೆ ಮುಖ ಸಣ್ಣ ಮಾಡಬೇಡಿ."

ಅದಕ್ಕೇ ಬೆಳಿಗ್ಗೆ ಅವನು ಬುಟ್ಟಿ ಇಳಿಸಿದ್ದು. ತೂತು ಇದೆಯೇ ಎಂದು ಮಫ್ಲರನ್ನು ಕಿಟಕಿಯ ಬೆಳಕಿಗೆ ಹಿಡಿಯಬೇಕಿತ್ತು. ಟೋಪಿಯ ಮಡಿಕೆ ಬಹಳ ಚೊಕ್ಕವಾಗಿತ್ತು. ಕಾಗದದ ಕೆಲಸದವನ ಚಪಲ, ಹೇಗೆ ಮಡಚಿದ್ದಾಳೆ ನೋಡೋಣ ಎಂದು ಅದನ್ನು ಕಿತ್ತು ಬಿಡಿಸಿದ. ಇನ್ನೊಂದು ಕೈಯಲ್ಲಿ ಮಫ್ಲರ್ ತನ್ನ ಭಾರಕ್ಕೆ ತಾನೇ ಜಾರಿತು. ಅರ್ಧ ಕುಣಿಕೆಗಳು ಸೂಜಿಯಿಂದ ಇಳಿದು ಗಾಳಿಯಲ್ಲಿ ಬಾಯಿ ತೆರೆದು ನಿಂತವು. ಅವನು ಗಾಬರಿಯಲ್ಲಿ ಒಂದನ್ನು ಹಿಡಿದು ಎಳೆದ. ಅದು ಓಡಿಹೋಯಿತು. ಪಕ್ಕದ್ದು ಅದರ ಹಿಂದೆ ಓಡಿತು, ಬಾಗಿಲು ತೆರೆದ ಕೂಡಲೇ ಹೊರಬೀಳುವ ಶಾಲೆಯ ಮಕ್ಕಳಂತೆ.

ಬೈಂಡರ್ ಮಫ್ಲರನ್ನು ಹಸುಗೂಸಿನಂತೆ ಎರಡೂ ಅಂಗೈಯಲ್ಲಿ ಹೊತ್ತು ಮೇಲಿನ ಮನೆಗೆ ಹೋದ. ಅಲ್ಲಿ ಇದ್ದವರು ಕೆಲಸದಿಂದ ನಿವೃತ್ತರಾದ ನರ್ಸಮ್ಮ. ಕಟ್ಟಡದಲ್ಲಿ ಯಾರಿಗೆ ಕೆಮ್ಮು ಬಂದರೂ, ಯಾರ ನಲ್ಲಿ ಸೋರಿದರೂ ಅವರೇ ಮೊದಲು ಬಂದು ನಿಲ್ಲುವವರು. ಹೆಣಿಗೆಯೂ ಬರುತ್ತಿತ್ತು.

"ಕೈ ತೆಗೀರಿ ಮೊದಲು," ಎಂದರು ನರ್ಸಮ್ಮ. "ಎಷ್ಟೋ ಹೆರಿಗೆ ಮಾಡಿಸಿದ್ದೀನಿ, ಹೀಗೆ ಎಳೆದಾಡೋ ಗಂಡಸನ್ನ ನೋಡಿಲ್ಲ."

ಕನ್ನಡಕ ಏರಿಸಿ, ಮಫ್ಲರನ್ನು ತೊಡೆಯ ಮೇಲೆ ಹರಡಿ ನೋಡಿದರು.

"ಕೆಳಗೆ ನೋಡಿ, ಅಚ್ಚು ಹೊಡೆದ ಹಾಗಿದೆ. ಮೇಲಿನ ನಾಲ್ಕು ಸಾಲು ಮಾತ್ರ ಹಲ್ಲು ಬಿದ್ದ ಬಾಯಿ. ಏನು ಮಾಡಿದ್ರಿ ಇದಕ್ಕೆ?"

"ಸ್ವಲ್ಪ ಎಳೆದೆ."

"ಸ್ವಲ್ಪ ಅಂತೆ. ಹಗ್ಗಜಗ್ಗಾಟ ಆಡಿದ್ದೀರಿ. ಈ ನಾಲ್ಕು ಸಾಲು ಬಿಚ್ಚಿ ಮತ್ತೆ ಹಾಕಬೇಕು, ಬೇರೆ ದಾರಿ ಇಲ್ಲ."

"ಬಿಚ್ಚದೆ ಆಗಲ್ವಾ ನರ್ಸಮ್ಮ? ಅವಳು ಹಾಕಿದ್ದು ಅದು."

"ಅವಳು ಹಾಕಿದ್ದನ್ನ ನೀವು ಕೆಡಿಸಿದ್ದು ಇದು. ಅದೇ ಸೂಜಿ, ಅದೇ ನೂಲು, ಕೆಳಗಿನ ಹಾಗೇ ಹಾಕ್ಕೊಡ್ತೀನಿ. ದೇವರಿಗೂ ಗೊತ್ತಾಗಲ್ಲ."

ಅದೇ ನೂಲು ಎಂಬ ಮಾತಿಗೆ ಬೈಂಡರ್ ಒಪ್ಪಿದ. ನರ್ಸಮ್ಮ ತುದಿ ಹಿಡಿದು ಎಳೆದರು. ಸರ್ರೆಂದು ನಾಲ್ಕು ಸಾಲು ಹೋಯಿತು. ಹೆಣೆಯಲು ಎಷ್ಟು ಹೊತ್ತು ಹಿಡಿದಿತ್ತೋ, ಬಿಚ್ಚಲು ಒಮ್ಮೆ ಸೀನುವಷ್ಟು ಹೊತ್ತೂ ಬೇಕಾಗಲಿಲ್ಲ. ಉಳಿದ ಕುಣಿಕೆಗಳನ್ನು ಸೂಜಿಗೆ ಏರಿಸಿದರು. ಬಿಚ್ಚಿದ ನೂಲು ಮಾತ್ರ ಗುಂಗುರು ಕೂದಲಿನಂತೆ ಸುರುಳಿ ಸುರುಳಿಯಾಗಿ ನಿಂತಿತು.

"ಉಣ್ಣೆ ಮರೆಯಲ್ಲ ನೋಡಿ, ಪ್ರತಿ ಕುಣಿಕೇನೂ ನೆನಪಿಟ್ಕೊಂಡಿದೆ. ಈ ಸುರುಳಿ ಹೋಗದೆ ಹಾಕಿದ್ರೆ ಉಬ್ಬುತ್ತೆ," ಎಂದು ನರ್ಸಮ್ಮ ಅದನ್ನು ಕತ್ತರಿಸಿ ಬೇರೆ ಮಾಡಿ, ಕುದಿಯುವ ನೀರಿನ ಹಬೆಗೆ ಹಿಡಿದರು. ಸುರುಳಿ ಮೆಲ್ಲಗೆ ಬಿಟ್ಟುಕೊಂಡಿತು. ತುದಿಗೆ ಒಂದು ಚಮಚ ಕಟ್ಟಿ, ಗಾಳಿಗೆ ಒಣಗಲೆಂದು ಮೆಟ್ಟಿಲ ಕಿಟಕಿಯಲ್ಲಿ ಇಳಿಬಿಟ್ಟರು.

ಅಷ್ಟರಲ್ಲಿ ಅವರ ಸೊಸೆಯ ಫೋನು. ಮೊಮ್ಮಗಳಿಗೆ ಜ್ವರ. ನರ್ಸಮ್ಮ ಚೀಲ ಹೆಗಲಿಗೆ ಹಾಕಿಕೊಂಡೇ ಮಾತಾಡಿದರು.

"ನೂಲು ಒಣಗಲಿ, ಮುಟ್ಟಬೇಡಿ. ಮಧ್ಯಾಹ್ನ ಬಂದುಬಿಡ್ತೀನಿ."

ಬೈಂಡರ್ ಮುಟ್ಟಲಿಲ್ಲ. ಮನೆಯೊಳಗೆ ಕೂತು, ಬಿಡಿಸಿದ ಟೋಪಿಯನ್ನು ಹಳೆಯ ಗೆರೆಗಳ ಮೇಲೆಯೇ ಮತ್ತೆ ಮಡಚಿ ಸೂಜಿಗೆ ಹಾಕಿದ. ಅದೊಂದು ಕೆಲಸ ಸರಿಯಾಗಿ ಬಂತು. ಎದ್ದು ಕಿಟಕಿಗೆ ಹೋದರೆ ಚಮಚ ನೆಲದ ಮೇಲಿತ್ತು. ನೂಲು ಇರಲಿಲ್ಲ.

ಕಟ್ಟಡದ ಕೆಳಗೆ ಟೈಲರ್ ಅಂಗಡಿ. ಬೈಂಡರ್ ಒಂದೊಂದು ಮೆಟ್ಟಿಲು ಬಿಟ್ಟು ಇಳಿದು, ಕಿಟಕಿಯ ನೂಲು ಕಂಡೆಯಾ ಎಂದು ಕೇಳಿದ.

"ಆ ಬೂದು ದಾರಾನಾ?" ಎಂದ ಟೈಲರ್, ಮೆಷಿನ್ನಿನಿಂದ ತಲೆ ಎತ್ತದೆ. "ಜೋತು ಬಿದ್ದಿತ್ತು. ಯಾರೋ ಬಿಸಾಕಿದ್ದಾರೆ ಅಂದ್ಕೊಂಡೆ. ಒಳ್ಳೇ ಗಟ್ಟಿ ಇತ್ತು ಮಾರಾಯ. ಅದರಲ್ಲೇ ಒಂದು ಪ್ಯಾಂಟಿನ ಪೊಟ್ಟಣ ಕಟ್ಟಿಕೊಟ್ಟೆ."

"ಯಾರ ಪ್ಯಾಂಟು?"

"ಹೆಸರು ಕೇಳಿದವನ್ಯಾರು? ಸೊಂಟ ಮೂವತ್ತೆಂಟು. ಈಗ ತಾನೇ ಬಸ್ಸಿಗೆ ಹೋದ."

"ಅದು ನನ್ನ ಹೆಂಡತಿ ನೂತ ನೂಲು."

ಮೆಷಿನ್ ನಿಂತಿತು. ಟೈಲರ್ ಕತ್ತಿನಲ್ಲಿ ಅಳತೆಪಟ್ಟಿ ಜೋತಾಡುತ್ತಿದ್ದಂತೆಯೇ ಚಪ್ಪಲಿ ಹುಡುಕಿದ.

ಇಬ್ಬರೂ ಬಸ್ ನಿಲ್ದಾಣಕ್ಕೆ ಓಡಿದರು. ಟೈಲರಿಗೆ ಗಿರಾಕಿಗಳ ಮುಖ ನೆನಪಿರುವುದಿಲ್ಲ, ಅವನು ಮುಖ ನೋಡಿದವನೇ ಅಲ್ಲ. ನಿಂತವರ ಹಿಂದೆ ಹಿಂದೆ ಹೋಗಿ ಸೊಂಟ ದಿಟ್ಟಿಸಿದ. "ಇವನಲ್ಲ, ಮೂವತ್ತನಾಲ್ಕು. ಇವನೂ ಅಲ್ಲ, ಹೊಟ್ಟೆ ಎಳೆದು ನಿಂತಿದ್ದಾನೆ." ಒಬ್ಬ ಹೆಂಗಸು ಚೀಲವನ್ನು ಎದೆಗೆ ಅವಚಿಕೊಂಡು ದೂರ ಸರಿದಳು. ಇನ್ನೊಬ್ಬ, "ಏನ್ರೀ ನೋಡ್ತಿದ್ದೀರಾ?" ಎಂದು ಅಂಗಿಯ ತೋಳು ಮಡಚಿದ. ಅವನಿಗೆ ಸಮಾಧಾನ ಹೇಳುತ್ತಿರುವಾಗಲೇ ಹೊರಟ ಬಸ್ಸಿನ ಹಿಂದಿನ ಕಿಟಕಿಯಲ್ಲಿ, ಒಬ್ಬನ ತೊಡೆಯ ಮೇಲೆ, ಕಾಗದ ಸುತ್ತಿದ ಕಟ್ಟು ಕಂಡಿತು. ಅದರ ಮೇಲೆ ಅಡ್ಡಡ್ಡ ಬೂದು ನೂಲು. ಬೈಂಡರ್ ಬಸ್ಸಿನ ಹಿಂದೆ ಓಡಿದ. ಕಿಟಕಿಯವನು ಅವನನ್ನು ನೋಡಿ, ಪಾಪ ಬಸ್ಸು ತಪ್ಪಿತು ಎಂಬಂತೆ ಕೈಬೀಸಿ, ಮುಂದೆ ತಿರುಗಿದ.

ವಾಪಸ್ಸು ಬಂದಾಗ ಮನೆಯ ಫೋನು ಬಡಿದುಕೊಳ್ಳುತ್ತಿತ್ತು.

"ಮಗು ಮೈ ಕೆಂಡ ಆಗಿದೆ, ಬಿಟ್ಟು ಬರೋಕಾಗಲ್ಲ," ಎಂದರು ನರ್ಸಮ್ಮ. ನಡೆದದ್ದನ್ನು ಕೇಳಿ ಅವರೇ ದಾರಿ ಹೇಳಿದರು. "ಟೈಲರಿಗೆ ನಾನು ಬಂದು ಬುದ್ಧಿ ಕಲಿಸ್ತೀನಿ. ಈಗ ಬುಟ್ಟಿಲಿ ಉಣ್ಣೆ ಇದೆಯಲ್ಲ, ನೂಲು ತೆಗೀರಿ. ನಾಲ್ಕು ಸಾಲಿಗೆ ಎಷ್ಟು ಬೇಕು? ಫೋನಲ್ಲೇ ಹೇಳ್ಕೊಡ್ತೀನಿ."

ಅವಳು ಬಿಟ್ಟಿದ್ದ ಉಣ್ಣೆಯನ್ನು ಮುಟ್ಟುವ ಮುಂಚೆ ಬೈಂಡರ್ ಕೈ ತೊಳೆದು ಒರೆಸಿಕೊಂಡ. ನಂತರ ಮುಟ್ಟಿದ. ತಕಲಿಯನ್ನು ಅವಳು ತಿರುಗಿಸಿದಾಗ ಅದು ಬುಗುರಿಯಂತೆ ನಿಂತೇ ಆಡುತ್ತಿತ್ತು. ಅವನು ತಿರುಗಿಸಿದರೆ ಕುಡುಕನಂತೆ ಎರಡು ಸುತ್ತು ಹಾಕಿ ನೆಲಕ್ಕೆ ಬಿತ್ತು. ಎತ್ತಿದ, ಮತ್ತೆ ಬಿತ್ತು. ಮೇಜಿನ ಕೆಳಗಿನಿಂದ ಅದನ್ನು ಎತ್ತಿಕೊಡುವ ಕೆಲಸ ತಪ್ಪಿತಸ್ಥನಾದ ಟೈಲರನಿಗೆ ಬಂತು. ಹುರಿ ಹೆಚ್ಚಾದ ಕಡೆ ನೂಲು ಹಗ್ಗವಾಯಿತು, ಕಡಿಮೆಯಾದ ಕಡೆ ಹಲ್ಲಿನ ಸಂದಿಯಲ್ಲಿ ಕಳೆದುಹೋಗುವಷ್ಟು ಸಣ್ಣಗಾಯಿತು.

"ಇದು ನೂಲಲ್ಲ, ಹಾವು ಇಲಿ ನುಂಗಿದ ಹಾಗಿದೆ," ಎಂದ ಟೈಲರ್.

"ನೀನು ಮಾತಾಡಬೇಡ."

ಅಂತೂ ಒಂದಷ್ಟು ಆಯಿತು. ನೂಲು ಸುತ್ತಿಡಲು ಏನಾದರೂ ಬೇಕಲ್ಲ ಎಂದು ಬೈಂಡರ್ ದಪ್ಪ ಕಾಗದ ಹುಡುಕಿ ಮಡಚಿದ, ಅದಕ್ಕೆಂದು ಎದ್ದಾಗ ಸೂಜಿಯಿಂದ ಮಫ್ಲರ್ ಜಾರಹೊರಟಿತು, ಅದಕ್ಕೆ ಟೋಪಿ ಹಾಕಲು ಹೋದಾಗ ತಕಲಿಯ ನೂಲು ಹುರಿಬಿಟ್ಟಿತು. ಒಂದನ್ನು ಹಿಡಿದರೆ ಇನ್ನೊಂದು ಕೈಬಿಡುತ್ತಿತ್ತು. ಮೂರನ್ನೂ ಅವಳು ಒಟ್ಟಿಗೆ ಹೇಗೆ ಮಾಡುತ್ತಿದ್ದಳು, ಅದರ ನಡುವೆ ಪ್ರೆಸ್ಸಿನಲ್ಲಿ ಏನಾಯಿತು ಎಂದು ಅವನನ್ನು ಹೇಗೆ ಕೇಳುತ್ತಿದ್ದಳು ಎಂಬುದು ಅವನಿಗೆ ತಿಳಿಯಲಿಲ್ಲ. ಆಗೆಲ್ಲ ಅವನು ಪೇಪರು ಓದುತ್ತ, "ಏನೂ ಇಲ್ಲ" ಎನ್ನುತ್ತಿದ್ದ.

ಟೈಲರ್ ಫೋನನ್ನು ಅವನ ಕಿವಿಯ ಹತ್ತಿರ ಹಿಡಿದು ನಿಂತ.

"ಸೂಜಿ ಒಳಗೆ ಹಾಕಿ," ಎಂದರು ನರ್ಸಮ್ಮ. ಹಿಂದೆ ಮಗು ಅಳುತ್ತಿತ್ತು. "ನೂಲು ಸುತ್ತಿ. ಹೊರಗೆ ತೆಗೀರಿ. ಹಳೇದನ್ನ ಇಳಿಸಿ. ಆಯ್ತಾ?"

"ಎರಡು ಬಂತು."

"ಒಂದು ಬರಬೇಕು."

ಮೊದಲ ಸಾಲು ಮುಗಿದಾಗ ಬೈಂಡರನ ಅಂಗಿ ಬೆನ್ನಿಗೆ ಅಂಟಿತ್ತು. ಸಾಲಿಗೊಂದು ಕಾಗದದ ಉಂಗುರವನ್ನು ಪಕ್ಕಕ್ಕಿಟ್ಟ. ಕೆಲವು ಕುಣಿಕೆ ಕತ್ತು ಹಿಸುಕಿದಷ್ಟು ಬಿಗಿ, ಕೆಲವು ಬೆರಳು ತೂರುವಷ್ಟು ಸಡಿಲ. ನಾಲ್ಕನೆಯ ಉಂಗುರ ಇಟ್ಟು, ಸೂಜಿಗೆ ಟೋಪಿ ಹಾಕಿ ಇಬ್ಬರೂ ದೂರ ಹಿಡಿದು ನೋಡಿದರು. ಕೆಳಗೆಲ್ಲ ಅಚ್ಚು ಹೊಡೆದ ಪುಟ. ಮೇಲೆ ನಾಲ್ಕು ಸಾಲು, ಅಕ್ಷರ ಕಲಿಯುವ ಮಗು ಗೋಡೆಯ ಮೇಲೆ ಬರೆದ ಹಾಗೆ.

"ಬುಟ್ಟಿ ಹೋಯ್ತು," ಎಂದ ಟೈಲರ್. ಬಾಗಿಲು ತಟ್ಟಿದ ಸದ್ದಾಯಿತು. ಅವನು ಹಿಂದಿನ ಮೆಟ್ಟಿಲಿಂದ ಇಳಿದು ಮಾಯವಾದ.

ನಾದಿನಿ ಒಳಗೆ ಬಂದು ಚಪ್ಪಲಿಯನ್ನೂ ಸರಿಯಾಗಿ ಬಿಡದೆ ಕೈ ಚಾಚಿದಳು. ಬೈಂಡರ್ ಮಫ್ಲರ್ ಕೊಟ್ಟ. ಸಮಜಾಯಿಷಿಯ ಮೊದಲ ಮಾತನ್ನು ಬಾಯಲ್ಲಿ ಸಿದ್ಧಮಾಡಿಕೊಂಡ. ಅವಳು ಕೆಳಗಿನ ಚೊಕ್ಕ ಭಾಗವನ್ನು ನೋಡಲೇ ಇಲ್ಲ. ನೇರ ಸೂಜಿಯ ಹತ್ತಿರ ಹೋದಳು. ಸೊಟ್ಟ ಸಾಲುಗಳ ಮೇಲೆ ಬೆರಳಿಟ್ಟಳು. ಹಾಗೆಯೇ ಕುರ್ಚಿಯಲ್ಲಿ ಕೂತು ಅಳತೊಡಗಿದಳು.

"ಇದೆ," ಎಂದಳು. "ಸದ್ಯ, ಇದೆ."

"ಏನಿದೆ?"

"ಭಾವ, ಒಂದು ಮಾತು. ಅಕ್ಕ ಹೇಳಬೇಡ ಅಂದಿದ್ಲು. ಇನ್ನು ನನ್ನ ಕೈಲಿ ಇಟ್ಕೊಳ್ಳೋಕಾಗಲ್ಲ." ಮೂಗು ಒರೆಸಿಕೊಂಡಳು. "ಈ ಮಫ್ಲರ್ ಅವಳು ಹೆಣೆದದ್ದಲ್ಲ. ವಾರ್ಡಿಗೆ ಹೋಗೋ ಹೊತ್ತಿಗೇ ಅವಳ ಬೆರಳು ನಿಲ್ತಿರಲಿಲ್ಲ. ಹಗಲೆಲ್ಲ ನಾನು ಹೆಣೀತಿದ್ದೆ. ನೀವು ಪ್ರೆಸ್ ಮುಗಿಸಿ ಬರೋ ಹೊತ್ತಿಗೆ ಸೂಜಿ ಅವಳ ಕೈಗೆ ಕೊಡ್ತಿದ್ದೆ. ನೀವು ನೋಡಿ ಖುಷಿಪಡ್ತಿದ್ರಲ್ಲ, ಅದಕ್ಕೆ."

ಬೈಂಡರ್ ನಿಂತೇ ಇದ್ದ. ಸೂಜಿ ಹಿಡಿದು ದಿಂಬಿಗೆ ಒರಗಿರುತ್ತಿದ್ದವಳು ಅವನ ಕಣ್ಣ ಮುಂದೆ ಬಂದಳು. ವಾರ್ಡಿನಲ್ಲಿ ಅವನ ಎದುರಿಗೆ ಅವಳು ಎಂದೂ ಒಂದು ಕುಣಿಕೆಯನ್ನೂ ಹಾಕಿರಲಿಲ್ಲ ಎಂಬುದು ಈಗ ನೆನಪಾಯಿತು.

"ಕೊನೇ ದಿನ ಹಟ ಹಿಡಿದ್ಲು, ನಂದೂ ಒಂದಿಷ್ಟು ಇರಲಿ ಅಂತ. ಈ ನಾಲ್ಕು ಸಾಲು ಅವಳೇ ಹಾಕಿದ್ದು. ಸಂಜೆವರೆಗೂ ಹಿಡೀತು. ನಾನು ಸರಿಮಾಡ್ತೀನಿ ಅಂದ್ರೆ, ಕೈ ಹಚ್ಚಬೇಡ ಅಂದ್ಲು." ನಾದಿನಿ ಒಂದು ಕಡೆ ತೋರಿಸಿದಳು. "ಇಲ್ಲಿ ನೋಡಿ, ಎರಡು ಕುಣಿಕೆ ಒಟ್ಟಿಗೆ ಬಂದುಬಿಟ್ಟಿದೆ. ಕೈ ನಡುಗಿದ್ದು ಇಲ್ಲೇ ಕಾಣುತ್ತೆ. ನೂಲೂ ಹೇಗೆ ಗಂಟು ಬಿದ್ದಿದೆ, ಪಾಪ, ಮಲಗಿಕೊಂಡೇ ತೆಗೆದದ್ದು. ನೀವು ಯಾರಿಂದಾದ್ರೂ ಇದನ್ನ ಬಿಚ್ಚಿಸಿ ನೀಟು ಮಾಡಿಸಿಬಿಟ್ಟಿರ್ತೀರೇನೋ ಅಂತ ಹೆದರಿದ್ದೆ."

ಬೈಂಡರ್ ಬಾಯಿ ತೆರೆದ. ನಾದಿನಿ ಆ ಸಾಲುಗಳನ್ನು ಕೆನ್ನೆಗೆ ಒತ್ತಿಕೊಂಡು ಕಣ್ಣು ಮುಚ್ಚಿದ್ದಳು. ಅವನು ಬಾಯಿ ಮುಚ್ಚಿದ.

ಎಲ್ಲೋ ಯಾವುದೋ ಮನೆಯಲ್ಲಿ ಈ ಹೊತ್ತಿಗೆ ಸೊಂಟ ಮೂವತ್ತೆಂಟರವನು ಕಟ್ಟು ಬಿಚ್ಚಿ, ಹೊಸ ಪ್ಯಾಂಟು ಹಾಕಿ ನೋಡುತ್ತಿರಬೇಕು. ದಾರವನ್ನು ಕಸಕ್ಕೆ ಎಸೆದಿರಬೇಕು.

ನಾದಿನಿ ಹೋಗುವ ಮುಂಚೆ ಬುಟ್ಟಿಯನ್ನು ತಾನೇ ಎತ್ತಿ ಕಪಾಟಿನ ಮೇಲಿಟ್ಟಳು. "ನಿಮ್ಮ ಹತ್ರಾನೇ ಇರಲಿ ಭಾವ. ಇಷ್ಟು ಜೋಪಾನವಾಗಿ ಇಟ್ಟಿದ್ದೀರಿ. ಆಗಾಗ ಬಂದು ನೋಡಿಕೊಂಡು ಹೋಗ್ತೀನಿ, ಅಷ್ಟೇ."

ಅವಳು ಬೀದಿ ದಾಟುವ ಹೊತ್ತಿಗೆ ನರ್ಸಮ್ಮ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. ಮಗುವಿನ ಜ್ವರ ಇಳಿದಿತ್ತು. ಕೇಳದೆ ಬುಟ್ಟಿ ಇಳಿಸಿ, ಮಫ್ಲರ್ ತೆಗೆದು ಬೆಳಕಿಗೆ ಹಿಡಿದರು.

"ಅಯ್ಯೋ ರಾಮ, ಇದೇನು ಹೆಣಿಗೇನಾ, ಕೋಳಿ ಕೆದಕಿದ್ದಾ? ಕೊಡಿ ಇಲ್ಲಿ, ಈ ನಾಲ್ಕು ಸಾಲು ಬಿಚ್ಚಿ ಈಗಲೇ ಸರಿಯಾಗಿ ಹಾಕ್ಕೊಡ್ತೀನಿ."

ಬೈಂಡರ್ ಅವರ ಕೈಯಿಂದ ಮಫ್ಲರ್ ಬಿಡಿಸಿಕೊಂಡ. ಟೋಪಿ ಬಿಗಿಯಾಗಿದೆಯೇ ಎಂದು ಬೆರಳಿನಿಂದ ಒತ್ತಿ ನೋಡಿದ.

"ಬೇಡ ನರ್ಸಮ್ಮ," ಎಂದ. "ಅದು ಅವಳು ಹಾಕಿದ್ದು. ಯಾರೂ ಮುಟ್ಟೋ ಹಾಗಿಲ್ಲ."