ಸೋರಿಕೆ ನಿಲ್ಲಿಸಿದ ಅಳಿಯಂದಿರು

ಅಳಿಯಂದಿರನ್ನು (ಇರುವುದು ಒಬ್ಬರೇ, ಬಹುವಚನ ಅತ್ತೆ ಕೊಡುವ ಗೌರವ) ಮೆಚ್ಚುವ ಜೀವ ಈ ಭೂಮಂಡಲದಲ್ಲಿ ಒಂದೇ ಒಂದಿತ್ತು. ಅದು ಅವರ ಅತ್ತೆ. ಕಚೇರಿಯಲ್ಲಿ ಅವರು ಬರೆದ ಕಾಗದ ಮೇಲಧಿಕಾರಿಯ ಕೆಂಪು ಶಾಯಿಯಲ್ಲಿ ಮಿಂದು ಬರುತ್ತಿತ್ತು. ಮನೆಯಲ್ಲಿ ಅವರು ಗೋಡೆಗೆ ಹೊಡೆದ ಮೊಳೆಯನ್ನು ಹೆಂಡತಿ ಕಿತ್ತು, ಪಕ್ಕದಲ್ಲೇ ತಾನು ಹೊಡೆಯುತ್ತಿದ್ದಳು. ಅತ್ತೆ ಮಾತ್ರ, ಅಳಿಯ ಬಲ್ಬ್ ಬದಲಾಯಿಸಿದರೂ ಸೂರ್ಯನನ್ನೇ ತಂದು ತೂಗುಹಾಕಿದಂತೆ ಬೆರಗಾಗುತ್ತಿದ್ದರು. ಹೊಗಳಿ ಹೊನ್ನಶೂಲಕ್ಕೇರಿಸುವುದು ಎಂದರೆ ಇದೇ. ಆದರೆ ಏರಿದವರಿಗೆ ಅಲ್ಲಿಂದ ನೋಟ ಚೆನ್ನಾಗಿಯೇ ಕಾಣುತ್ತಿತ್ತು.

ಅತ್ತೆ ಊರಿಗೆ ಹೊರಡುವ ದಿನವೇ, ಮದುವೆಗಿಂತ ಹಳೆಯದಾದ ಮೋಟಾರ್‌ಸೈಕಲ್ಲು ಟ್ಯಾಂಕಿನಡಿಯಿಂದ ತೊಟ್ಟಿಕ್ಕತೊಡಗಿತು.

"ಮೆಕ್ಯಾನಿಕ್‌ನ ಕರೀರಿ. ಮನೆಯೆಲ್ಲಾ ಪೆಟ್ರೋಲ್ ವಾಸನೆ, ನಾನಂತೂ ಒಲೆ ಹಚ್ಚಲ್ಲ," ಎಂದಳು ಹೆಂಡತಿ.

"ಮೆಕ್ಯಾನಿಕ್ ಯಾಕೇ? ಮನೇಲಿ ಅಳಿಯಂದ್ರಿಲ್ವಾ?" ಎಂದರು ಅತ್ತೆ.

"ಅದಕ್ಕೇ ಅಮ್ಮ, ಮೆಕ್ಯಾನಿಕ್ ಬೇಕು ಅಂದಿದ್ದು."

ಇಷ್ಟಾದ ಮೇಲೆ ಹಿಂದೆ ಸರಿಯುವುದುಂಟೇ? ಅಳಿಯಂದಿರು ಅಂಗಿಯ ತೋಳು ಮಡಚಿದರು. ಅತ್ತೆ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತರು.

ಟ್ಯಾಂಕಿನ ಕೆಳಗೆ ಪೆಟ್ರೋಲ್ ಬಿಡುವ ಪುಟ್ಟ ನಲ್ಲಿಯೊಂದಿದೆ. ಸೋರುತ್ತಿದ್ದುದು ಅದೇ. ಅಳಿಯಂದಿರು ಸ್ಪ್ಯಾನರಿನಿಂದ ಅದನ್ನು ಬಿಗಿದರು. ಹನಿ ದಪ್ಪವಾಯಿತು.

"ಅಬ್ಬಾ, ಮುಟ್ಟಿದ ಕೂಡ್ಲೇ ಜಾಗ ಸಿಕ್ಕಿತು ನೋಡಿ!" ಎಂದರು ಅತ್ತೆ.

ನಲ್ಲಿ ಬಿಚ್ಚಿ, ಮೊಣಕೈವರೆಗೆ ಪೆಟ್ರೋಲಿನಲ್ಲಿ ಅಭ್ಯಂಜನ ಮಾಡಿಕೊಂಡು, ಹಳೆಯ ಚಪ್ಪಲಿಯಿಂದ ರಬ್ಬರ್ ವಾಷರ್ ಕತ್ತರಿಸಿ ಕೂರಿಸಿದರು. (ಹಳೆಯದೆಂಬುದು ಅವರ ಅಭಿಪ್ರಾಯ. ಚಪ್ಪಲಿ ಹೆಂಡತಿಯದು.)

"ಚಪ್ಪಲೀಲಿ ವಾಷರ್ ಕಾಣೋಕೆ ಎಂಥಾ ಕಣ್ಣು ಬೇಕು!" ಅತ್ತೆ ಕೆನ್ನೆಗೆ ಕೈಹಚ್ಚಿದರು.

ಹನಿ ನಿಲ್ಲಲಿಲ್ಲ. ಅಳಿಯಂದಿರಿಗೆ ಬೆವರಿಳಿಯಿತು. ಸೋಲೊಪ್ಪಿದರೆ ಇದ್ದ ಒಬ್ಬರ ಅಭಿಮಾನವೂ ಇಂದಿನ ಬಸ್ಸಿಗೇ ಹೋಗಿಬಿಡುತ್ತದಲ್ಲ! ಟ್ಯಾಂಕಿನೊಳಗೆ ಇಣುಕೋಣವೆಂದು ಮುಚ್ಚಳ ತೆಗೆದರು. ಮುಚ್ಚಳದಲ್ಲೊಂದು ಸೂಜಿಮೊನೆಯಷ್ಟು ತೂತು! ಮೇಲೆಯೇ ತೂತಿದ್ದರೆ ಕೆಳಗೆ ಸೋರದೆ ಇದ್ದೀತೇ? ಬಚ್ಚಲಿನ ಪೈಪಿಗೆ ಮೆತ್ತಲು ತಂದಿದ್ದ ಅಂಟನ್ನು ಚಿಟಿಕೆಯಷ್ಟು ತೆಗೆದು ಮೆತ್ತಿ, ಅದು ಗಟ್ಟಿಯಾದ ಮೇಲೆ ಮುಚ್ಚಳ ಬಿಗಿದರು.

ಹನಿ ನಿಧಾನವಾಯಿತು. ಕೊನೆಯದೊಂದು ನೇತಾಡಿಕೊಂಡೇ ಇತ್ತು, ಬೀಳಲಿಲ್ಲ. ಅದನ್ನೊರೆಸಿದರೆ ಮತ್ತೊಂದು ಬರಲಿಲ್ಲ.

ಹೆಂಡತಿ ಬಂದು ಬಗ್ಗಿ ನೋಡಿದಳು. ನಲ್ಲಿಯ ಕೆಳಗೆ ಬೆರಳಾಡಿಸಿದಳು, ಮೂಸಿದಳು.

"ಪರವಾಗಿಲ್ವೇ!" ಎಂದಳು.

ಈ ಪದವನ್ನು ಅವಳು ದರ್ಜಿಗೆ ಹೇಳಿದ್ದಳು, ತರಕಾರಿಯವನಿಗೆ ಹೇಳಿದ್ದಳು, ಪಕ್ಕದ ಮನೆಯಾಕೆಯ ಗಂಡನಿಗೂ ಹೇಳಿದ್ದಳು. ಸ್ವಂತ ಗಂಡನಿಗೆ ಇದೇ ಮೊದಲು. ಅಳಿಯಂದಿರ ಕಣ್ಣು ಮಂಜಾಯಿತು (ಪೆಟ್ರೋಲಿನ ಘಾಟು ಎಂದರು). ಕೇಳದೆಯೇ ಕಾಫಿ ಬಂತು. ಈ ಒಂದು ಮಾತನ್ನು ಜೋಪಾನವಾಗಿ ಕಾಪಾಡಿಕೊಂಡರೆ ಉಳಿದ ಸಂಸಾರ ಸಾಗಿಹೋಗುತ್ತದೆ ಎನ್ನಿಸಿತು ಅವರಿಗೆ.

ಅತ್ತೆಯನ್ನು ಹಿಂದೆ ಕೂರಿಸಿಕೊಂಡು ಬಸ್ ನಿಲ್ದಾಣಕ್ಕೆ ದಿಗ್ವಿಜಯ ಹೊರಟಿತು. ನಾಲ್ಕು ಬೀದಿ ದಾಟುವಷ್ಟರಲ್ಲಿ ಗಾಡಿ ಬಿಕ್ಕಳಿಸಿ, ಕೆಮ್ಮಿ, ಸಂತೆಯ ನಡುವೆ ತಣ್ಣಗಾಯಿತು. ನಿಂತದ್ದಾದರೂ ಎಲ್ಲಿ? ಮೆಕ್ಯಾನಿಕ್‌ನ ಅಂಗಡಿಯ ಎದುರಿಗೇ. ಅಳಿಯಂದಿರು ಒದ್ದೂ ಒದ್ದೂ ಸುಸ್ತಾದಾಗ ಅವನು ಕೈ ಒರೆಸಿಕೊಳ್ಳುತ್ತಾ ಬಂದು ಟ್ಯಾಂಕಿನ ಮುಚ್ಚಳ ತಿರುಗಿಸಿದ. ಟ್ಯಾಂಕು 'ಸ್ಸ್ಸ್' ಎಂದು ದೀರ್ಘವಾಗಿ ಉಸಿರೆಳೆಯಿತು.

"ಈ ತೂತು ಯಾರು ಸಾರ್ ಮುಚ್ಚಿದ್ದು?"

ಅಳಿಯಂದಿರು ಆಕಾಶ ನೋಡಿದರು. "ನಮ್ಮ ಅಳಿಯಂದ್ರೇ!" ಎಂದರು ಅತ್ತೆ, ಎದೆಯುಬ್ಬಿಸಿ.

"ಅದು ಟ್ಯಾಂಕಿನ ಮೂಗು ಕಣಮ್ಮಾ. ಮೇಲಿಂದ ಗಾಳಿ ಹೋದ್ರೆ ತಾನೇ ಕೆಳಗೆ ಪೆಟ್ರೋಲ್ ಇಳಿಯೋದು? ಮೂಗು ಮುಚ್ಚಿದ್ರೆ ಸೋರಲ್ಲ, ನಿಜ. ಇಂಜಿನ್‌ಗೂ ಹೋಗಲ್ಲ," ಎಂದು ಅವನು ಸೂಜಿಯಿಂದ ಅಂಟು ಕಿತ್ತು, ಮುಚ್ಚಳವನ್ನು ಅಳಿಯಂದಿರ ಕೈಗಿಟ್ಟ. ಕೆಳಗೆ ನಲ್ಲಿ ಮತ್ತೆ ತೊಟ್ಟಿಕ್ಕತೊಡಗಿತು.

ಸುತ್ತ ನಿಂತವರು ಕಿಸಕ್ಕೆಂದರು. ಅಳಿಯಂದಿರಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಅಷ್ಟರಲ್ಲಿ ಅತ್ತೆ ಚೀಲ ಕೆಳಗಿಟ್ಟು ಎಲ್ಲರ ಕಡೆ ತಿರುಗಿದರು.

"ಕೇಳಿದ್ರಾ? ಒಂದೇ ಒಂದು ಚಿಟಿಕೆ ಅಂಟಲ್ಲಿ ಇಷ್ಟು ದೊಡ್ಡ ಇಂಜಿನ್ನನ್ನೇ ನಿಲ್ಲಿಸಿಬಿಟ್ರು! ಇನ್ಯಾರ ಕೈಲಾಗುತ್ತೆ ಹೇಳಿ?"

ವ್ಯಂಗ್ಯವೇನೋ ಎಂದು ಅಳಿಯಂದಿರು ಹೆದರುತ್ತಲೇ ಅವರ ಮುಖ ನೋಡಿದರು. ಇಲ್ಲ, ಅದೇ ಹಳೆಯ ಬೆರಗು, ತುಸು ಹೆಚ್ಚೇ ಇತ್ತು. ಅಂಥ ಅತ್ತೆಯನ್ನು ಪಡೆಯಲು ಪುಣ್ಯ ಬೇಕು ಎಂದುಕೊಂಡು ಅವರು ಉಸಿರು ಬಿಡುವಷ್ಟರಲ್ಲಿ, ಅತ್ತೆ ಮೊಬೈಲ್ ತೆಗೆದು ಕಿವಿಗಿಟ್ಟಿದ್ದರು.

"ಬೇಡ ಅತ್ತೆ, ದಯವಿಟ್ಟು..."

"ನೀವು ಸುಮ್ನಿರಿ, ನಿಮಗೆ ಸಂಕೋಚ ಜಾಸ್ತಿ. ಹಲೋ, ಕೇಳೇ ಇಲ್ಲಿ, ನಿನ್ನ ಗಂಡನ ಪ್ರತಾಪಾನ! ಇರು, ಮೊದಲಿಂದ ಹೇಳ್ತೀನಿ, ಒಂದೂ ಬಿಡಲ್ಲ..."

ಅಳಿಯಂದಿರು ಕೈಯಲ್ಲಿದ್ದ ಮುಚ್ಚಳವನ್ನೊಮ್ಮೆ ನೋಡಿದರು, ಅತ್ತೆಯ ಬಾಯನ್ನೊಮ್ಮೆ ನೋಡಿದರು.