ಒಂಬತ್ತನೇ ತುಂಡು

ಸುಳ್ಳು ಹೇಳುವವರು ಸಾಮಾನ್ಯವಾಗಿ ಸಾಕ್ಷಿಗೆ ಹೆದರುತ್ತಾರೆ. ನಾನು ಹದಿನೈದು ವರ್ಷ ಸಾಕ್ಷಿಯನ್ನು ಮನೆಯ ಟ್ರಂಕಿನಲ್ಲೇ ಇಟ್ಟುಕೊಂಡು, "ಬೇಕಾದ್ರ ತಗದು ನೋಡ್ರಿ" ಎನ್ನುತ್ತ ಎದೆಯುಬ್ಬಿಸಿ ಸುಳ್ಳು ಹೇಳಿದವನು. ಸಾಕ್ಷಿ ಎಂದರೆ ನನ್ನ ಮಗಳ ಮದುವೆಯ ಡಿವಿಡಿ. ಧೈರ್ಯ ಎಲ್ಲಿಂದ ಬಂತೆಂದರೆ, ಅದನ್ನು ತೋರಿಸುವ ಪ್ಲೇಯರ್ ಮದುವೆಯಾದ ವರ್ಷವೇ ಕೆಟ್ಟುಹೋಗಿತ್ತು. ಕೆಡುವ ಮೊದಲು ನನ್ನ ಹೆಂಡತಿ ಶಾಂತವ್ವ ಅದನ್ನು ನಾಲ್ಕೈದು ಸಲ ಹಚ್ಚಿದ್ದಳು ನಿಜ. ಆದರೆ ಮದುಮಕ್ಕಳ ತಲೆಯ ಮೇಲೆ ಅಕ್ಕಿಕಾಳು ಬೀಳುವ ತನಕ ನೋಡುವಳು, ಅಳುವಳು, ಬಂದ್ ಮಾಡುವಳು. ನನ್ನ ಪಾಪ ಇದ್ದದ್ದು ಅಕ್ಕಿಕಾಳಿನ ಆಚೆಗೆ.

ಆ ಪಾಪವನ್ನೂ ಹೇಳಿಬಿಡುತ್ತೇನೆ. ನಮ್ಮ ಕಡೆ ಮದುವೆಯಲ್ಲಿ ಬೀಗರು ನೆಂಟರಿಗೆ, ಎಲ್ಲರಿಗಿಂತ ಮುಖ್ಯವಾಗಿ ಹುಡುಗಿಯ ಸೋದರಮಾವನಿಗೆ, ಧೋತರ, ಟಾವೆಲ್, ಟೊಪ್ಪಿಗೆ ಕೊಟ್ಟು ಮರ್ಯಾದೆ ಮಾಡಬೇಕು. ಇದಕ್ಕೆ ಆಯೇರಿ ಎನ್ನುತ್ತೇವೆ. ನನ್ನ ಮಗಳ ಸೋದರಮಾವ ಹೊಸರಿತ್ತಿಯ ಫಕ್ಕೀರಪ್ಪ, ಶಾಂತವ್ವನ ಒಬ್ಬನೇ ತಮ್ಮ. ರಾಣೆಬೆನ್ನೂರಿನ ಕಲ್ಯಾಣ ಮಂಟಪದಲ್ಲಿ ಆವತ್ತು ಅವನು ಬೆಳಗಿನಿಂದ ಅಡಿಗೆ ಮನೆಯಲ್ಲಿ ಬೆವರು ಸುರಿಸುತ್ತ ನಿಂತಿದ್ದ. ಇತ್ತ ಆಯೇರಿ ಮುಗಿಯುತ್ತ ಬಂದಾಗ, ನಾನು ಗುಮಾಸ್ತನಾಗಿದ್ದ ಬ್ಯಾಡಗಿಯ ಮೆಣಸಿನಕಾಯಿ ಅಂಗಡಿಯ ಸಾವ್ಕಾರರು, ಬರುವುದಾಗುವುದಿಲ್ಲ ಎಂದಿದ್ದವರು, ಬಂದೇಬಿಟ್ಟರು. ನನ್ನ ಹತ್ತಿರ ಉಳಿದಿದ್ದದ್ದು ಫಕ್ಕೀರಪ್ಪನಿಗೆಂದು ತೆಗೆದಿಟ್ಟ ಒಂದೇ ಗಂಟು. ಅದು ಸಾವ್ಕಾರರಿಗೆ ಹೋಯಿತು. ಸಂಜೆ ಶಾಂತವ್ವ, "ತಮ್ಮಗ ಆಯೇರಿ ಮಾಡಿದ್ರಿಲ್ಲೋ?" ಎಂದು ಕೇಳಿದಾಗ, "ಮಾಡೇನಿ. ಅಡಿಗಿ ಮನ್ಯಾಗ ಎಲ್ಲೋ ಇಟ್ಟು ಮರತಾನ ಅವ" ಎಂದೆ. ಬಾಯಿಗೆ ಬಂದ ಮಾತು. ಆದರೆ ಅದು ಫಕ್ಕೀರಪ್ಪನ ಕಿವಿಗೂ ಬಿತ್ತು. ಟೊಪ್ಪಿಗೆ ಸಿಗದ್ದಕ್ಕೆ ಅವನು ಸಿಟ್ಟಾಗಲಿಲ್ಲ. "ಅಂದ್ರ ನಾ ಸುಳ್ಳ ಹೇಳಾಕತ್ತೇನಂತ ಆತು" ಎಂದು ಹೋದವನು ಮತ್ತೆ ನಮ್ಮ ಮನೆಯಲ್ಲಿ ನೀರು ಕುಡಿಯಲಿಲ್ಲ. ನಾಗರ ಪಂಚಮಿಗೆ ಅಕ್ಕನನ್ನು ತವರಿಗೆ ಕರೆಯಲು ಬರಲಿಲ್ಲ. ಪ್ರತಿ ವರ್ಷ ಶಾಂತವ್ವ ಹಬ್ಬದ ಎಳ್ಳು, ಶೇಂಗಾದ ಉಂಡಿ ಕಟ್ಟಿ, ಬಸ್ಸಿನ ಹೊತ್ತಿಗೆ ಬಾಗಿಲಿಗೆ ಬಂದು ನಿಂತು, ಒಳಗೆ ಹೋಗಿ ಆ ಉಂಡಿಯನ್ನು ನನಗೇ ಕೊಡುತ್ತಿದ್ದಳು. ನಾನು ತಿನ್ನುತ್ತಿದ್ದೆ. ಉಂಡಿ ಚೆನ್ನಾಗಿಯೇ ಇರುತ್ತಿದ್ದವು, ಅದೇ ಕಷ್ಟ.

ಈ ವರ್ಷ ಪಂಚಮಿ ಹತ್ತಿರ ಬಂದಾಗ ಅವಳೇ ಮಾತು ತೆಗೆದಳು. "ಡಿವಿಡಿ ಒಳಗಿಂದು ಫೋನಿನ್ಯಾಗ ಬರೂಹಂಗ ಮಾಡಿ ಕೊಡ್ತಾರಂತ, ಹಾವೇರ್ಯಾಗ. ತಮ್ಮಗ ಕಳಸೂಣು. ನಿಮ್ಮ ಮ್ಯಾಲಿನ ಅಪವಾದ ಒಮ್ಮೆ ಹೋಗಲಿ."

ನನ್ನ ಮೇಲಿನ ಅಪವಾದ. ಅಷ್ಟು ವರ್ಷ ಅವಳು ನನ್ನನ್ನು ನಂಬಿಕೊಂಡೇ ಬಂದಿದ್ದಳು. ಒಳ್ಳೆಯ ಮನುಷ್ಯನಾಗಿದ್ದರೆ ಅಲ್ಲೇ ಒಪ್ಪಿಕೊಳ್ಳುತ್ತಿದ್ದೆ. ನಾನು ಡಿವಿಡಿಯನ್ನು ಬಚ್ಚಲಿಗೆ ಒಯ್ದು, ಹಲ್ಲುಪುಡಿ ಹಾಕಿ, ಹೆಬ್ಬೆರಳು ನೋಯುವ ತನಕ ತಿಕ್ಕಿದೆ. ಗೀರು ಬಿದ್ದರೆ ಓಡುವುದಿಲ್ಲ ಎಂದು ಎಲ್ಲೋ ಕೇಳಿದ್ದೆ.

ಹಾವೇರಿಯಲ್ಲಿ ಸ್ಟುಡಿಯೋ ನಡೆಸುವ ಹೆಣ್ಣುಮಗಳು ಅದನ್ನು ಬೆಳಕಿಗೆ ಹಿಡಿದು, "ಯಾರ್ರೀ ಇದನ್ನ ಹಲ್ಲುಪುಡೀಲೆ ತಿಕ್ಕಿದವರು?" ಎಂದಳು. ನಾನು ಗೋಡೆಯ ಫೋಟೋಗಳನ್ನು ನೋಡತೊಡಗಿದೆ. "ಭಾಳ ಚಲೋ ಆತ್ರಿ. ಹಳೇ ಗೀರೆಲ್ಲಾ ಹೋಗ್ಯಾವು. ಇಲ್ಲಂದ್ರ ಇದು ಓಡ್ತಿದ್ದಿಲ್ಲ." ಈಗಿನ ಕಂಪ್ಯೂಟರಿಗೆ ಡಿವಿಡಿ ತುರುಕುವ ಬಾಯಿಯೇ ಇರುವುದಿಲ್ಲ ಎಂಬ ಇನ್ನೊಂದು ಆಸೆ ನನಗಿತ್ತು. ಅವಳು ಮೇಜಿನ ಕೆಳಗಿನಿಂದ ಹಳೆಯ ಡ್ರೈವ್ ತೆಗೆದು ವೈರು ಸಿಕ್ಕಿಸಿದಳು. ಮಧ್ಯಾಹ್ನದ ಹೊತ್ತಿಗೆ ಮದುವೆ ಇಡಿಯಾಗಿ ಹೊರಗೆ ಬಂತು. "ಅಜ್ಜಾರ, ಹಿಂಗ ಕಳಿಸಿದ್ರ ವಾಟ್ಸಾಪಿನ್ಯಾಗ ಹೋಗಂಗಿಲ್ರಿ. ಹನ್ನೊಂದ ತುಂಡ ಮಾಡೇನಿ" ಎಂದು ಎಲ್ಲವನ್ನೂ ಜೊತೆಗೆ ಬಂದಿದ್ದ ಶಾಂತವ್ವನ ಫೋನಿಗೆ ಹಾಕಿ, ಯಾವ ತುಂಡಿನಲ್ಲಿ ಏನಿದೆ ಎಂಬುದನ್ನೂ ಚೀಟಿಯಲ್ಲಿ ಬರೆದು ಕೊಟ್ಟಳು. ಒಂಬತ್ತು, ಆಯೇರಿ.

ಬಸ್ಸಿನಲ್ಲೇ ಶಾಂತವ್ವ ಹನ್ನೊಂದನ್ನೂ ಮನೆತನದ ಗುಂಪಿಗೆ ಕಳಿಸಿ, "ಫಕ್ಕೀರಾ, ಒಂಬತ್ತನೇದು ನೋಡಪಾ. ನಿಮ್ಮ ಮಾಮಾಂದೇನೂ ತಪ್ಪಿಲ್ಲ" ಎಂದು ಮೈಕಿನ ಗುರುತು ಒತ್ತಿ ಹಿಡಿದು ಫೋನಿಗೆ ಹೇಳಿದಳು. ಆಮೇಲೆ ಮನೆಗೆ ಬಂದು ತಾನು ನೋಡಲು ಕೂತಳು. ನನಗೆ ಇನ್ನೂ ಒಂದು ಆಸೆ ಉಳಿದಿತ್ತು. ವಿಡಿಯೋದವನು ಇಡೀ ಮದುವೆಗೆ ಸಿನಿಮಾ ಹಾಡು ಹಚ್ಚಿದ್ದ, ಯಾರ ಮಾತೂ ಕೇಳಿಸುತ್ತಿರಲಿಲ್ಲ. ಸಾವ್ಕಾರರ ಗಂಟೇ ಬೇರೆ, ಫಕ್ಕೀರಪ್ಪನದೇ ಬೇರೆ ಎಂದು ವಾದಿಸಲು ಜಾಗವಿತ್ತು. ಆದರೆ ಸಾವ್ಕಾರರು ಟೊಪ್ಪಿಗೆ ಹಾಕಿಸಿಕೊಳ್ಳಲು ತಲೆ ಬಗ್ಗಿಸುವ ಹೊತ್ತಿಗೆ ಸರಿಯಾಗಿ ಒಂದು ಹಾಡು ಮುಗಿದಿತ್ತು, ಇನ್ನೊಂದು ಶುರುವಾಗಿರಲಿಲ್ಲ. ಆ ಸಂದಿನಲ್ಲಿ ನನ್ನ ದನಿ: "ಫಕ್ಕೀರಪ್ಪಂದು ಸಾವ್ಕಾರ್ರಿಗೆ ಹಾಕ್ರಿ. ಅವ ಮನಿ ಮನಷಾ, ನಡೀತೈತಿ."

ಶಾಂತವ್ವ ಮೂರು ಸಲ ಹಿಂದೆ ಸರಿಸಿ ಕೇಳಿದಳು. "ಹದಿನೈದ ಪಂಚಮಿ ಆದ್ವು" ಎಂದಳು, ಅಷ್ಟೇ. ಫೋನನ್ನು ನನ್ನ ಮುಂದಿಟ್ಟು, "ಈಗ ನೀವ ಹೇಳ್ರಿ ಅವಗ" ಎಂದು ಒಳಗೆ ಹೋದಳು. ನಾನು ಅವಳು ಒತ್ತಿದ್ದ ಹಾಗೇ ಒತ್ತಿ, ಗಂಟಿನಿಂದ ಹಿಡಿದು ಹಲ್ಲುಪುಡಿಯ ತನಕ ಎಲ್ಲವನ್ನೂ ಹೇಳಿ, "ನಂದ ತಪ್ಪಪಾ ಫಕ್ಕೀರಪ್ಪ" ಎಂದು ಮುಗಿಸಿದೆ. ಮೊದಲು ಬಂದ ಉತ್ತರ ಮಗಳದು: "ಅಪ್ಪಾ, ಇದು ಗುಂಪಿನ್ಯಾಗ ಬಂದೈತಿ." ಗುಂಪಿನಲ್ಲಿ ಬೀಗರೂ ಇದ್ದಾರೆ, ಬೀಗರ ಅಳಿಯಂದಿರೂ ಇದ್ದಾರೆ. ನಮ್ಮ ಬ್ಯಾಡಗಿಯಂಥ ಮೆಣಸಿನಕಾಯಿ ಊರಿನಲ್ಲಿ ಒಂದು ಅನುಕೂಲವೆಂದರೆ ಕಣ್ಣು ಕೆಂಪಾದರೆ ಯಾರೂ ಕಾರಣ ಕೇಳುವುದಿಲ್ಲ. ನಾನು ನಾಲ್ಕು ದಿನ ಆ ಅನುಕೂಲವನ್ನು ಬಳಸಿಕೊಂಡೆ. ಫಕ್ಕೀರಪ್ಪನಿಂದ ಮಾತ್ರ ಸುದ್ದಿ ಇಲ್ಲ.

ನಿನ್ನೆ ಬಂದ. ನಾನು ಪೇಟೆಯಿಂದ ತಂದಿಟ್ಟಿದ್ದ ಧೋತರ, ಟಾವೆಲ್ ಕೈಗಿಟ್ಟು, ಟೊಪ್ಪಿಗೆ ಹಾಕಿದೆ. ಅವನು ಕನ್ನಡಿಯಲ್ಲಿ ನೋಡಿಕೊಂಡು, "ಆವತ್ತಿಂದು ಸಾವ್ಕಾರ್ರಿಗೆ ಸಣ್ಣದಾಗಿತ್ತ ಬಿಡ್ರಿ ಮಾಮಾ, ವಿಡಿಯೋದಾಗ ನೋಡಿದೆ" ಎಂದ. ಶಾಂತವ್ವ ಕೊಟ್ಟ ನೀರನ್ನು ಒಂದೇ ಗುಟುಕಿಗೆ ಕುಡಿದ. "ಚೀಲ ತುಂಬ ಅಕ್ಕಾ, ಬಸ್ಸಿಗೆ ಹೊತ್ತಾತು."

ಅವಳ ಚೀಲ ಯಾವಾಗಲೋ ತುಂಬಿತ್ತು. ನಾನೂ ಚಪ್ಪಲಿ ಮೆಟ್ಟಿಕೊಂಡು, "ನನ್ನ ಕರೀಲೇ ಇಲ್ಲಲ್ಲಪಾ" ಎಂದೆ.

ಅಕ್ಕ ತಮ್ಮ ಮುಖ ಮುಖ ನೋಡಿಕೊಂಡರು. "ನಿಮ್ಮನ್ನೇನ ಕರೀದ್ರಿ ಮಾಮಾ" ಎಂದ ಫಕ್ಕೀರಪ್ಪ. "ಮನಿ ಮನಷಾರು ನೀವು, ನಡೀತೈತಿ."

ಶಾಂತವ್ವ ನಕ್ಕದ್ದು ಬೀದಿಯ ತಿರುವಿನ ತನಕ ಕೇಳಿಸಿತು. ನನಗೆಂದು ಎರಡು ಉಂಡಿ ಇಟ್ಟು ಹೋಗಿದ್ದಾಳೆ. ಯಾಕೋ ಇನ್ನೂ ಮುಟ್ಟಿಲ್ಲ. ನಾಳೆ ಪಂಚಮಿ. ಕರೆಯದಿದ್ದರೂ ಬೆಳಗಿನ ಬಸ್ಸಿಗೆ ಹೊಸರಿತ್ತಿಗೆ ಹೋಗಿ, ಊಟದ ಸಾಲಿನಲ್ಲಿ ಎಲ್ಲರಿಗಿಂತ ಕೊನೆಗೆ ಕೂರುವುದೆಂದು ನಿರ್ಧರಿಸಿದ್ದೇನೆ. ಯಾರಾದರೂ ಫೋನು ಹಿಡಿದು ವಿಡಿಯೋ ತೆಗೆಯಲು ಬಂದರೆ ಮಾತ್ರ, ಊಟ ಮುಗಿಯುವ ತನಕ ಬಾಯಿಯನ್ನು ಊಟಕ್ಕಷ್ಟೇ ತೆರೆಯುತ್ತೇನೆ.