ಉಲ್ಕಾ ವೀಕ್ಷಣಾ ಸಮಿತಿ, ಕೆಮ್ಮಣ್ಣು

ಮೈದಾನದ ಲೈಟು ಒಂದು ರಾತ್ರಿ ಆರಿಸಿ ಎಂದು ಕೇಳಿದ್ದೇ ಭುಜಂಗ ಮಾಡಿದ ತಪ್ಪು.

ಮೀನಿನ ಬೋಟಿನಲ್ಲಿ ದುಡಿದ ಅವನು ಪ್ರತಿ ಡಿಸೆಂಬರಿನಲ್ಲೂ ಕಡಲ ಮೇಲೆ ಉಲ್ಕೆಗಳು ಉದುರುವುದನ್ನು ಕಂಡವನು. ಹೆಂಡತಿ ಬೇಬಿಗೂ ತೋರಿಸಬೇಕೆಂದು ಹೇಳುತ್ತಲೇ ವರ್ಷಗಳನ್ನು ಕಳೆದುಬಿಟ್ಟ. ಈಗ ಸಕ್ಕರೆ ಕಾಯಿಲೆ ಅವಳ ಕಣ್ಣಿಗೆ ಇಳಿದಿತ್ತು. ಮುಂದಿನ ಡಿಸೆಂಬರಿಗೆ ದೃಷ್ಟಿ ಉಳಿಯುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು. ಊರಿನಲ್ಲಿ ತೆಂಗಿನ ಗರಿ ಅಡ್ಡ ಬಾರದೆ ಆಕಾಶ ಕಾಣುವುದು ಯುವಕ ಮಂಡಲದ ಮೈದಾನದಲ್ಲಿ ಮಾತ್ರ. ಈ ಸಲ ಉಲ್ಕೆ ಬೀಳುವ ದಿನ ಬೆಳಿಗ್ಗೆಯೇ ಭುಜಂಗ ಮಂಡಲದ ಅಧ್ಯಕ್ಷ ಯೋಗೀಶನ ಮನೆಗೆ ಹೋದ.

"ಇವತ್ತು ರಾತ್ರಿ ಮೈದಾನದ ಲೈಟ್ ಆಫ್ ಮಾಡ್ಲಿಕ್ಕೆ ಆಗ್ತದಾ? ಬೇಬಿಗೆ ಉಲ್ಕೆ ತೋರಿಸ್ಲಿಕ್ಕೆ ಉಂಟು."

"ಬೇಬಕ್ಕನಿಗೆ ಮಾತ್ರ ಯಾಕೆ ಭುಜಂಗಣ್ಣ? ಇಡೀ ಊರಿಗೇ ತೋರಿಸುವ!"

ಅಲ್ಲಿಗೆ ಕೆಟ್ಟಿತು. ನಮ್ಮ ಕರಾವಳಿಯಲ್ಲಿ ಗಂಡ ಹೆಂಡತಿ ಸುಮ್ಮನೆ ಆಕಾಶ ನೋಡುವಂತಿಲ್ಲ, ಅದಕ್ಕೂ ಸಮಿತಿ ಬೇಕು. ಮಧ್ಯಾಹ್ನಕ್ಕೆ ಗೌರವಾಧ್ಯಕ್ಷರು ಸಿಕ್ಕಿದರು. ಸಂಜೆಗೆ ಫ್ಲೆಕ್ಸ್ ಬಂತು, ಫ್ಲೆಕ್ಸ್ ಕಾಣಲೆಂದು ಫೋಕಸ್ ಲೈಟು ಬಂತು, ಹಿಂದೆಯೇ ಜನರೇಟರು, ಚರುಮುರಿ ಗಾಡಿ.

"ಇಷ್ಟು ಬೆಳಕಲ್ಲಿ ಎಂತ ಕಾಣ್ತದೆ ಮಾರಾಯ?" ಎಂದ ಭುಜಂಗ.

"ಉಲ್ಕೆ ಬೀಳಲಿ ಭುಜಂಗಣ್ಣ. ಅತಿಥಿಗಳು ಕತ್ತಲೆಯಲ್ಲಿ ಬಿದ್ದರೆ ಯಾರು ಹೊಣೆ?" ಎಂದ ಯೋಗೀಶ.

ದೀಪ ಬೆಳಗಿಸಿದರು, ಸ್ವಾಗತಿಸಿದರು, ಪ್ರಸ್ತಾವನೆಯ ನೆಪದಲ್ಲಿ ಒಬ್ಬರು ಮಹಾಭಾರತಕ್ಕೇ ಹೋಗಿ ಬಂದರು. ಹೆಂಡತಿಯ ಕೈ ಹಿಡಿದು ಕೂತಿದ್ದ ಭುಜಂಗನನ್ನು ವೇದಿಕೆಗೆ ಎಳೆದು ಶಾಲು ಹೊದಿಸಿದರು. ಮೇಲೆ ಉಲ್ಕೆಗಳು ಯಾರಿಗೂ ಬೇಡವಾಗಿ ಉರಿದು ಹೋಗುತ್ತಿದ್ದವು. ಅವನಿಗೆ ಅಳು ಬರುವಷ್ಟು ಸಿಟ್ಟು ಬಂತು.

ಕೊನೆಗೆ ಯೋಗೀಶ ಮೈಕಿನಲ್ಲಿ ಕೂಗಿದ, "ಈಗ ಎಲ್ಲ ಲೈಟ್ ಆಫ್ ಮಾಡಿ!"

ಮೈದಾನ ಕತ್ತಲಾಯಿತು. ಭುಜಂಗ ಶಾಲು ಎಸೆದು ಓಡಿಬಂದು ಬೇಬಿಯ ಗಲ್ಲ ಹಿಡಿದು ಮುಖ ಮೇಲೆತ್ತಿದ. "ಮೇಲೆ ನೋಡು ಬೇಬಿ! ರೆಪ್ಪೆ ಮುಚ್ಚಬೇಡ!"

ಮೈಕು ನಿಲ್ಲಲಿಲ್ಲ. "ಮೈದಾನದ ಲೈಟಿನ ಬಗ್ಗೆ ಮೊದಲು ಮಾತೆತ್ತಿದವರು ನಮ್ಮ ಭುಜಂಗಣ್ಣ. ಅವರ ಗೌರವಾರ್ಥ, ಇಗೋ, ಉದ್ಘಾಟನೆ!"

ಉದ್ಘಾಟನೆಗೆ ನೆಪ ಸಿಗದೆ ತಿಂಗಳಿನಿಂದ ಮೂಲೆಯಲ್ಲಿ ನಿಂತಿದ್ದ ಹೈಮಾಸ್ಟ್ ದೀಪ, ತೆಂಗಿನ ಮರಗಳಿಗಿಂತ ಎತ್ತರದಲ್ಲಿ, ಒಮ್ಮೆಲೇ ಹತ್ತಿಕೊಂಡಿತು. ಗರ್ನಾಲು ಪಟಾಕಿ ಸಿಡಿಯಿತು, ಜನ ಚಪ್ಪಾಳೆ ತಟ್ಟಿದರು. ಆಕಾಶ ಅಳಿಸಿಹೋಯಿತು.

ಬೇಬಿ ಗಂಡನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಕಂಡಿತು, ಕಂಡಿತು ಮಾರಾಯ್ರೇ! ಎಷ್ಟು ದೊಡ್ಡದು!"

 ಅವಳು ಆ ದೀಪದಲ್ಲೇ ಕಣ್ಣು ಕೀಲಿಸಿ ಕಾದಳು. ಆಮೇಲೆ ಮೆಲ್ಲಗೆ ಕೇಳಿದಳು, "ಇನ್ನು ಇದು ಬೀಳುವುದು ಯಾವಾಗ?"